ಮನೆಯಲ್ಲಿ ಹೊಗೆಯ ಛಾಯಾಚಿತ್ರ

ಹೊಗೆಯೆಂದರೆ ನಮ್ಮ ಗೃಹಿಣಿಯರಿಗೆ ಕಣ್ಣೀರು ಬರಿಸುವ ವಸ್ತುವೆಂದೇ ಪ್ರಸಿದ್ಧಿ. ಸೌದೆಯ ಒಲೆಯ ಮುಂದೆ ಕುಳಿತು ಅಡಿಗೆ ಮಾಡಿದ ತಾಯಂದಿರು ಅದರಲ್ಲಿ ಸೌಂದರ್ಯವನ್ನು ಕಾಣದೆ ಹೋದರೆ ಆಶ್ಚರ್ಯವಿಲ್ಲ. ಆದರೂ, ಊದಿನಕಡ್ಡಿಯ ತುದಿಯಿಂದ ಏಳುವ ಎಳೆಯನ್ನು ಗಾಳಿಯಾಡದ ಕೋಣೆಯಲ್ಲಿ ಸ್ವಲ್ಪ ಹೊತ್ತು ನೋಡಿದವರಿಗೆ, ಕಣ್ಣಿಗೆ ಕಾಣದ ಗಾಳಿಯ ನಡಿಗೆಯೇ ಅಲ್ಲಿ ರೂಪ ತಾಳಿರುವುದು ಗೋಚರವಾಗುವುದು. ಅದನ್ನು ಛಾಯಾಚಿತ್ರದಲ್ಲಿ ಹಿಡಿಯುವ ಕ್ರಮವನ್ನು ನಮ್ಮ ಹಿಂದಿನ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ತಿಳಿಸಲು ಇಲ್ಲಿ ಉದ್ದೇಶಿಸಿದ್ದೇವೆ. ಇದಕ್ಕೆ ಬೆಲೆಯುಳ್ಳ ಸಲಕರಣೆಗಳಿಗಿಂತ, ದೀಪವನ್ನು ಎಲ್ಲಿ ಇಡಬೇಕೆಂಬ ತಿಳಿವಳಿಕೆಯೇ ಮುಖ್ಯವಾದುದು.

ಈ ವಿದ್ಯೆಯು ಹೊಸದಲ್ಲ. ಫ್ರಾನ್ಸ್ ದೇಶದ ಶರೀರಶಾಸ್ತ್ರಜ್ಞನಾದ ಎಟಿಯೆನ್ ಜೂಲ್ ಮಾರೆ ಎಂಬಾತನು ೧೮೯೯ರಿಂದ ಮೂರು ವರ್ಷಗಳ ಕಾಲ, ಸಾಲಾಗಿ ಹರಿಯುವ ಹೊಗೆಯ ಎಳೆಗಳಿಗೆ ನಾನಾ ಆಕಾರದ ವಸ್ತುಗಳನ್ನು ಅಡ್ಡವಿಟ್ಟು, ಗಾಳಿಯು ಅವುಗಳನ್ನು ಬಳಸಿ ಹೋಗುವ ರೀತಿಯನ್ನು ಚಿತ್ರದಲ್ಲಿ ಹಿಡಿದನು. ಆತನು ಬಯಸಿದ್ದು ಗಾಳಿಯ ನಿಯಮವನ್ನು. ಇಂದು ಆ ಚಿತ್ರಗಳನ್ನು ಜನರು ಕಲೆಯೆಂದೇ ನೋಡುತ್ತಾರೆ.

ಹೊಗೆಗೆ ಸ್ವಂತ ಬೆಳಕಿಲ್ಲ. ಅದು ಅತಿ ಸೂಕ್ಷ್ಮವಾದ ಕಣಗಳ ಸಮೂಹ. ಆ ಕಣಗಳು ಚದರಿಸಿದ ಬೆಳಕಿನಿಂದಲೇ ನಮಗೆ ಕಾಣುತ್ತದೆ. ಹೆಂಚಿನ ಸಂದಿಯಿಂದ ಅಡಿಗೆಯ ಮನೆಗೆ ಇಳಿಯುವ ಬಿಸಿಲುಕೋಲನ್ನು ಜ್ಞಾಪಿಸಿಕೊಳ್ಳಿರಿ: ಆ ಕೋಲಿನಲ್ಲಿ ಸುಳಿಸುಳಿಯಾಗಿ ಕಾಣುವ ಹೊಗೆಯು ಪಕ್ಕದ ಸುಣ್ಣದ ಗೋಡೆಯ ಮುಂದೆ ಇಲ್ಲವೇ ಇಲ್ಲವೆಂಬಂತಿರುತ್ತದೆ. ಆದಕಾರಣ ಹಿಂದೆ ಕತ್ತಲೆಯೂ ಪಕ್ಕದಲ್ಲಿ ಬೆಳಕೂ ಇರತಕ್ಕದ್ದು. ಕಡ್ಡಿಗೆ ಮೂರು ನಾಲ್ಕು ಅಡಿ ಹಿಂದೆ ಕಪ್ಪು ಕಂಬಳಿಯನ್ನು ತೂಗಹಾಕಬೇಕು. ಮಿನುಗುವ ಬಟ್ಟೆ ಕೂಡದು. ದೀಪವನ್ನು ಹೊಗೆಯ ಪಕ್ಕದಲ್ಲಿ, ತುಸು ಹಿಂದಕ್ಕೆ ಸರಿಸಿ ಇಟ್ಟು, ಅದರ ಬೆಳಕು ಕಂಬಳಿಯ ಮೇಲಾಗಲಿ ಲೆನ್ಸಿನ ಮೇಲಾಗಲಿ ಬೀಳದಂತೆ ರಟ್ಟಿನ ಮರೆಯನ್ನು ಕಟ್ಟಬೇಕು. ಕ್ಯಾಮೆರಾದ ಮೇಲೆಯೇ ಇರುವ ಫ್ಲ್ಯಾಷ್‌ನಿಂದ ಎದುರಿಗೆ ಹೊಡೆದ ಬೆಳಕು ಈ ಕೆಲಸವನ್ನು ಕೆಡಿಸುತ್ತದೆ.

ಚಿತ್ರದಲ್ಲಿ ತೆಳುವಾದ ಹೊಗೆ ನೀಲಿಯಾಗಿ ಬಂದರೆ ಅದು ದೋಷವೆಂದು ಎಣಿಸಬಾರದು. ಬೆಳಕಿನ ಅಲೆಗಿಂತ ಚಿಕ್ಕದಾದ ಕಣಗಳು ನೀಲಿಯನ್ನೇ ಹೆಚ್ಚಾಗಿ ಚದರಿಸುತ್ತವೆ. ಆಕಾಶದ ನೀಲಿಗೆ ೧೮೭೧ರಲ್ಲಿ ರೇಲೀ ಎಂಬ ಇಂಗ್ಲಿಷ್ ವಿಜ್ಞಾನಿಯು ಕೊಟ್ಟ ವಿವರಣೆಯೂ ಈ ಬಗೆಯದೇ. ಅದೇ ಹೊಗೆಯನ್ನು ಬೆಳಕುಳ್ಳ ಕಿಟಕಿಗೆ ಎದುರಾಗಿ ನೋಡಿದರೆ ಕಂದು ಛಾಯೆಯುಳ್ಳದ್ದಾಗಿ ತೋರುತ್ತದೆ.

ಎಳೆಯು ಮೊದಲು ಕೆಲವು ಅಂಗುಲ ನೆಟ್ಟಗೆ ಏರಿ, ಬಳಿಕ ಬಳುಕಿ, ಸುರುಳಿಗೊಂಡು, ಕಡೆಗೆ ಚದರಿಹೋಗುತ್ತದೆ. ೧೮೮೩ರಲ್ಲಿ ಆಸ್ಬೋರ್ನ್ ರೇನಾಲ್ಡ್ಸ್ ಎಂಬವನು ಗಾಜಿನ ಕೊಳವೆಯ ನೀರಿನಲ್ಲಿ ಬಣ್ಣದ ಎಳೆಯನ್ನು ಹರಿಸಿ ಇಂಥದೇ ಬದಲಾವಣೆಯನ್ನು ತೋರಿಸಿದನು. ನೆಟ್ಟಗಿನ ಭಾಗವು ಶಾಂತವಾದರೂ ಬರಿಯ ಗೆರೆ; ಚದರಿದ ಭಾಗವು ಬರಿಯ ಗೊಂದಲ. ಇವೆರಡರ ನಡುವೆ, ಹೊಗೆಯು ರೇಷ್ಮೆಯ ಸೆರಗಿನಂತೆ ಮಡಿಕೆ ಮಡಿಕೆಯಾಗುವ ಗೇಣುದ್ದದಲ್ಲೇ ಚಿತ್ರವಿದೆಯೆಂದು ನಮ್ಮ ಅಭಿಪ್ರಾಯ. ಕ್ಯಾಮೆರಾವನ್ನು ಅಲ್ಲಿಗೇ ತಿರುಗಿಸಿರಿ. ಫ್ಯಾನು ನಿಂತಿರಬೇಕು; ತೆಗೆಯುವವರ ಉಸಿರೂ ಅತ್ತ ತಾಕಬಾರದು. ಸುರುಳಿಗಳು ಬೇಕೆನಿಸಿದಾಗ ದೂರದಲ್ಲಿ ಒಂದು ಪುಸ್ತಕವನ್ನು ಮೆಲ್ಲಗೆ ಮುಚ್ಚಿದರೂ ಸಾಕು.

ಕ್ಯಾಮೆರಾ ತಾನಾಗಿಯೇ ಹೊಗೆಯನ್ನು ಸ್ಪಷ್ಟವಾಗಿ ಹಿಡಿಯಲಾರದು. ಕಡ್ಡಿಯ ಮೇಲುಗಡೆ ಒಂದು ಪೆನ್ಸಿಲನ್ನು ಹಿಡಿದು, ಅದರ ಮೇಲೆ ದೃಷ್ಟಿಯನ್ನು ನಿಲ್ಲಿಸಿ, ಆಮೇಲೆ ಪೆನ್ಸಿಲನ್ನು ತೆಗೆದುಬಿಡಬೇಕು. ಷಟರು ಸೆಕೆಂಡಿನ ೨೫೦ರಲ್ಲಿ ಒಂದು ಭಾಗಕ್ಕಿಂತ ನಿಧಾನವಾದರೆ ಮಡಿಕೆಗಳು ಮಸುಕಾಗುವ ಭಯವುಂಟು. ಮೊಬೈಲು ಫೋನಿನಿಂದಲೂ ಕೆಲಸ ಸಾಗುವುದು. ಆದರೆ ಪಕ್ಕದ ದೀಪ ಬಹಳ ಪ್ರಖರವಾಗಿರಬೇಕು.

ಇನ್ನೊಂದು ವಿಷಯವನ್ನು ತಾಯಿತಂದೆಗಳಿಗೆ ಒತ್ತಿ ಹೇಳಬೇಕಾಗಿದೆ. ಒಲೆಯ ಹೊಗೆ ಕೆಟ್ಟದ್ದು, ಊದಿನಕಡ್ಡಿಯದು ಸುವಾಸನೆಯುಳ್ಳದ್ದಾದ್ದರಿಂದ ನಿರಪಾಯವೆಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಅದು ಸರಿಯಲ್ಲ. ಪರಿಮಳವಿದ್ದರೂ ಅದರಲ್ಲಿ ಶ್ವಾಸಕೋಶದ ಆಳಕ್ಕೆ ಇಳಿಯುವ ಸೂಕ್ಷ್ಮ ಕಣಗಳೂ ಇಂಗಾಲದ ಮಾನಾಕ್ಸೈಡ್ ಎಂಬ ವಿಷಾನಿಲವೂ ಇರುತ್ತವೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಇವು ಶೇಖರವಾಗುತ್ತವೆ. ಆದ್ದರಿಂದ ಒಂದೇ ಕಡ್ಡಿಯನ್ನು ಹಚ್ಚಿ, ಐದಾರು ನಿಮಿಷಗಳಾದೊಡನೆ ಅದನ್ನು ನೀರಿನಲ್ಲಿ ಅದ್ದಿ, ಕದ ಕಿಟಕಿಗಳನ್ನು ತೆರೆದಿಟ್ಟು, ಗಾಳಿ ಪೂರ್ತಿಯಾಗಿ ಬದಲಾದ ಮೇಲೆಯೇ ಮತ್ತೆ ಆರಂಭಿಸತಕ್ಕದ್ದು. ಹೀಗೆ ಮಾಡುವುದರಿಂದ ಚಿತ್ರಕ್ಕೂ ಲಾಭವುಂಟು. ಹೊಗೆ ತುಂಬಿದ ಕೋಣೆಯಲ್ಲಿ ಕಪ್ಪು ಹಿನ್ನೆಲೆಯು ಬೂದಿಬಣ್ಣವಾಗುತ್ತದೆ. ಉಬ್ಬಸವುಳ್ಳವರೂ ಎಳೆಯ ಮಕ್ಕಳೂ ಆ ಕೋಣೆಯಲ್ಲಿ ಇರಲೇಬಾರದು. ಕಡ್ಡಿಯನ್ನು ಮರಳು ತುಂಬಿದ ಲೋಟದಲ್ಲಿ ನಿಲ್ಲಿಸಿರಿ. ಹುಡುಗಿಯರು ದೊಡ್ಡವರ ಸಮಕ್ಷಮದಲ್ಲಿಯೇ ಇದನ್ನು ಮಾಡಲಿ.

ನೂರು ಚಿತ್ರಗಳಲ್ಲಿ ನಾಲ್ಕೈದು ಇಟ್ಟುಕೊಳ್ಳತಕ್ಕವು ದೊರೆತರೆ ಅದು ಒಳ್ಳೆಯ ಫಲವೇ ಸರಿ. ಹೊಗೆಯಲ್ಲಿ ಮುಖಗಳನ್ನೂ ಪಕ್ಷಿಗಳನ್ನೂ ಹುಡುಕಿ, ಗಣಕಯಂತ್ರದಿಂದ ಅವುಗಳಿಗೆ ಕಣ್ಣು ಕೊಕ್ಕುಗಳನ್ನು ಸೇರಿಸುವವರೂ ಇದ್ದಾರೆ. ಅದು ನಮ್ಮ ಅಭಿರುಚಿಗೆ ಹಿಡಿಸದು. ಆದರೆ ಒಂದು ಮಾರ್ಪಾಟನ್ನು ಮಾಡಿ ನೋಡಬಹುದು. ಕಪ್ಪನ್ನು ಬಿಳುಪಾಗಿಯೂ ಬಿಳುಪನ್ನು ಕಪ್ಪಾಗಿಯೂ ತಿರುಗಿಸಿದರೆ, ನೀಲಿ ಹೊಗೆಯು ಬಿಳಿಯ ಕಾಗದದ ಮೇಲೆ ಕಂದುಶಾಯಿಯ ಕುಂಚದಿಂದ ಎಳೆದಂತೆ ಮೂಡುತ್ತದೆ.