ಬಿಳಿ ಇಲಿ ಸಾಕಿದ ಮಕ್ಕಳಿಗೆ ಕಿವಿಮಾತು

ನಮ್ಮ ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆ ಇಲಿ ಸಾಕುತ್ತೇನೆ ಅಂದರೆ ಮನೆಯ ಹಿರಿಯರು ಹೌಹಾರುತ್ತಾರೆ. ಅವರದು ತಪ್ಪಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದಲ್ಲೆಲ್ಲ ಭತ್ತ, ಭತ್ತ ಇದ್ದಲ್ಲೆಲ್ಲ ಇಲಿಯ ಕಾಟ. ಆದರೆ ನೀವು ಪೇಟೆಯ ಅಂಗಡಿಯಿಂದ ತಂದ ಬಿಳಿ ಇಲಿ ತಲೆತಲಾಂತರದಿಂದ ಮನುಷ್ಯರ ಕೈಯಲ್ಲೇ ಬೆಳೆದದ್ದು, ಸಾಧು ಪ್ರಾಣಿ. ತಂದಿದ್ದೀರಿ ಅಂದಮೇಲೆ ಇಷ್ಟು ಮಾತು ನಡೆಸಿರಿ.

• ಒಂಟಿ ಇಲಿ ಕೊರಗುತ್ತದೆ. ಎರಡು ಹೆಣ್ಣು ಇಲ್ಲವೇ ಎರಡು ಗಂಡು ಇಟ್ಟುಕೊಳ್ಳಿ. ಗಂಡು ಹೆಣ್ಣು ಕೂಡಿಸಿದರೆ ಮೂರ್ನಾಲ್ಕು ವಾರದಲ್ಲಿ ಪಂಜರದ ತುಂಬ ಮರಿ.

• ಆಟಕ್ಕೆ ಹೊತ್ತು ಮುಳುಗಿದ ಮೇಲಿನ ಒಂದು ತಾಸು ಸರಿ. ಹಗಲು ಅದು ಮಲಗುವ ಪ್ರಾಣಿ, ಎಬ್ಬಿಸಬೇಡಿ. ಬಿಳಿ ಇಲಿಯ ಕೆಂಪು ಕಣ್ಣಿಗೆ ಬೆಳಕು ಚುಚ್ಚುತ್ತದೆ, ಆದ್ದರಿಂದ ಸಣ್ಣ ದೀಪ ಸಾಕು.

• ಬಾಗಿಲು ಹಾಕಿ, ಮೊಬೈಲು ಆಚೆ ಇಟ್ಟು, ನೆಲದ ಮೇಲೆ ಕಾಲು ಚಾಚಿ ಸುಮ್ಮನೆ ಕೂಡ್ರಿ. ಬೆನ್ನಟ್ಟಿ ಹಿಡಿಯುವ ಅವಸರ ಬೇಡ. ಮೇಲಿಂದ ಇಳಿದ ಕೈ ಅದಕ್ಕೆ ಹದ್ದು ಎರಗಿದಂತೆ. ಅಂಗೈಯನ್ನು ನೆಲಕ್ಕೆ ತಾಗಿಸಿ ಇಡಿ. ಮೊದಲು ಮೀಸೆ ಆಡಿಸುತ್ತ ಬೆರಳು ಮೂಸಿ ಓಡುತ್ತದೆ, ಮತ್ತೆ ಬರುತ್ತದೆ, ಕಡೆಗೆ ಅಂಗಿಯ ತೋಳಿನೊಳಗೆ ನುಗ್ಗಿ ಹೆಗಲ ಮೇಲೆ ಮೂತಿ ತೋರಿಸುತ್ತದೆ. ಕೆಲವಕ್ಕೆ ಎರಡು ದಿನ ಸಾಕು, ಕೆಲವಕ್ಕೆ ತಿಂಗಳು ಬೇಕು. ಮಡಿಲಲ್ಲಿ ಕೂತು ಹಲ್ಲು ಕಟಕಟ ಅರೆಯುತ್ತ, ಕಣ್ಣುಗುಡ್ಡೆ ಹೊರಕ್ಕೂ ಒಳಕ್ಕೂ ಆಡಿಸಿದರೆ ಹೆದರಬೇಡಿ. ಸಾಮಾನ್ಯವಾಗಿ ಅದು ನಿರಾಳವಾಗಿರುವ ಗುರುತು. ಮುದುಡಿ ಕೂತು, ಉಣ್ಣದೆ ಹಲ್ಲು ಅರೆದರೆ ಮಾತ್ರ ನೋವು ಇರಬಹುದು.

• ಕಣ್ಣಾಮುಚ್ಚಾಲೆ ಆಡಿಸಿ ನೋಡಿ. ಬರ್ಲಿನ್‌ನ ಹಂಬೋಲ್ಟ್ ವಿಶ್ವವಿದ್ಯಾಲಯದವರು ಇಲಿಗಳಿಗೆ ಈ ಆಟ ಕಲಿಸಿ 2019ರಲ್ಲಿ ಬರೆದರು. ತಿನಿಸಿನ ಆಸೆ ತೋರಿಸಲಿಲ್ಲ. ಕಚಗುಳಿ ಇಟ್ಟು, ಜೊತೆಗೆ ಆಡಿದ್ದೇ ಬಹುಮಾನ. ಕಚಗುಳಿಗೆ ಇಲಿ ಖುಷಿಯಿಂದ ಕೂಗುತ್ತದೆ, ಆ ಸದ್ದು ನಮ್ಮ ಕಿವಿಗೆ ನಿಲುಕದು.

• ಬಾಲ ಹಿಡಿದು ಎತ್ತಲೇಬೇಡಿ, ಬಾಲದ ತೊಗಲು ಕಿತ್ತುಬರುತ್ತದೆ. ಎದೆಯ ಕೆಳಗೊಂದು ಕೈ, ಹಿಂಗಾಲಿಗೊಂದು ಕೈ.

• ನಮ್ಮ ಬೇಸಿಗೆ ಇವುಗಳ ಪಾಲಿಗೆ ಕಂಟಕ. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಇಲಿಗೆ ನಮ್ಮಂತೆ ಮೈ ಬೆವರುವುದಿಲ್ಲ, ಕಾವಿನ ಒಂದು ಪಾಲು ಬಾಲದಿಂದ ಹೊರಹೋಗಬೇಕು. ತಗಡಿನ ಮಾಡಿನ ಕೆಳಗೆ ಪಂಜರ ಇಟ್ಟು ಶಾಲೆಗೆ ಹೋದರೆ ಬರುವಷ್ಟರಲ್ಲಿ ಜೀವ ಇರಲಿಕ್ಕಿಲ್ಲ. ಗಾಳಿಯಾಡುವ ಕೋಣೆಯ ಶಹಾಬಾದ್ ಕಲ್ಲಿನ ನೆಲದ ಮೇಲೆ ಇಡಿ, ಪಂಜರದ ಒಂದು ಬದಿಗೆ ಒದ್ದೆ ಬಟ್ಟೆ ಹಾಕಿ, ನೀರು ತಪ್ಪಿಸಬೇಡಿ.

• ಪಂಜರಕ್ಕೆ ಮಿಲ್ಲಿನ ಭತ್ತದ ಹೊಟ್ಟು ಹಾಸಬೇಡಿ. ಧೂಳಿಗೆ ಇಲಿಯ ಶ್ವಾಸಕೋಶ ಬೇಗ ಕೆಡುತ್ತದೆ. ಹಳೆಯ ಹತ್ತಿಬಟ್ಟೆ ಒಳ್ಳೆಯದು.

• ಇಲಿಯನ್ನು ಆಟಕ್ಕೆ ಬಿಡುವ ಮೊದಲು ಕೋಣೆ ನೋಡಿಕೊಳ್ಳಿ: ಕರೆಂಟಿನ ವೈರು, ಬಾಗಿಲ ಸಂದಿ, ಬೆಕ್ಕು. ಎಲ್ಲಕ್ಕಿಂತ ಮುಖ್ಯ, ಇಲಿ ಪಾಷಾಣ. ರೈತರ ಮನೆಯಲ್ಲಿ ಗದ್ದೆಗೆಂದು ತಂದದ್ದು ಎಲ್ಲೋ ಮೂಲೆಯಲ್ಲಿ ಇರುತ್ತದೆ. ಇಲಿಗೆ ವಾಂತಿ ಮಾಡಲು ಬರುವುದಿಲ್ಲ, ತಿಂದದ್ದು ಒಳಗೇ ಉಳಿಯುತ್ತದೆ. ಅಪ್ಪನನ್ನು ಕೇಳಿ, ಅದನ್ನು ಬೀಗದೊಳಗೆ ಇಡಿಸಿ.

• ತಿನ್ನಲು ಜೋಳದ ರೊಟ್ಟಿಯ ಚೂರು, ಅನ್ನ, ಮೊಳಕೆ ಕಾಳು, ಬೆರಳ ತುದಿಯ ಮೊಸರು. ಬೆಲ್ಲ, ಕರಿದದ್ದು ಬೇಡ.

• ಗದ್ದೆಯ ಬಿಲ ಅಗೆದು ಮರಿ ತಂದು ಸಾಕುವ ಹಟ ಬೇಡ. ಇಲಿ ಜ್ವರ ಹರಡುವುದು ಇಲಿಗಳ ಉಚ್ಚೆಯಿಂದ. ಸಾಕಿದ ಇಲಿಯಾದರೂ ಆಟ ಮುಗಿದ ಕೂಡಲೇ ಸಾಬೂನು ಹಚ್ಚಿ ಕೈ ತೊಳೆಯಿರಿ. ಕಚ್ಚಿದರೆ ಗಾಯ ತೊಳೆದು ಡಾಕ್ಟರಿಗೆ ತೋರಿಸಿ, ಮನೆಯವರಿಂದ ಮುಚ್ಚಿಡಬೇಡಿ. ಐದು ವರ್ಷದೊಳಗಿನ ತಮ್ಮ ತಂಗಿಯರ ಕೈಗೆ ಕೊಡಬೇಡಿ.

• ಇದರ ಆಯುಷ್ಯ ಎರಡು ಮೂರು ವರ್ಷ ಅಷ್ಟೆ. ನಡುವೆ ಬೇಸರ ಬಂತೆಂದು ಗದ್ದೆಯ ಬದುವಿನಲ್ಲಿ ಬಿಟ್ಟು ಬರಬೇಡಿ. ಅದಕ್ಕೆ ಅಲ್ಲಿ ಬಿಲ ಇಲ್ಲ, ಕಾಗೆ ಗೊತ್ತಿಲ್ಲ. ಸಾಕಲಾಗದಿದ್ದರೆ ಸಾಕುವವರನ್ನು ಹುಡುಕಿ, ಪಂಜರ ಸಮೇತ ಜೋಡಿಯಾಗಿಯೇ ಕೊಡಿ.