ನೋವಿಗೂ ಮಳೆ ಲೆಕ್ಕದಂತೆ ಒಂದು ಪುಸ್ತಕ



ನಮ್ಮ ಕಾಫಿ ಸೀಮೆಯಲ್ಲಿ ಮಳೆ ಲೆಕ್ಕ ಬರೆದಿಡದ ತೋಟದ ಮನೆ ಅಪರೂಪ. ಬೆಳಗಾದರೆ ಮಾಪಕ ನೋಡಿ ಇಷ್ಟು ಇಂಚು, ಇಷ್ಟು ಸೆಂಟು ಎಂದು ಪುಸ್ತಕಕ್ಕೆ ಏರಿಸುತ್ತೇವೆ. ಹೂಮಳೆ ಯಾವ ದಿನ ಬಿತ್ತು, ಎಷ್ಟು ಬಿತ್ತು ಎಂಬ ಲೆಕ್ಕವಿದ್ದರೆ ಮುಂದಿನ ಕೆಲಸಕ್ಕೆ ದಾರಿ ತಿಳಿಯುತ್ತದೆ. ಇದೇ ಅಭ್ಯಾಸವು ಸ್ತನ ಕ್ಯಾನ್ಸರಿಗೆ ಕೀಮೋಥೆರಪಿ ಪಡೆಯುತ್ತಿರುವ ತಾಯಂದಿರಿಗೂ ಉಪಕಾರಿ ಎಂಬುದೇ ಈ ಪಾಠದ ವಿಷಯ. ನಾನು ವೈದ್ಯನಲ್ಲ, ಕೃಷಿ ಡಿಪ್ಲೊಮಾ ಓದಿದ ಗ್ರಾಮಸೇವಕ. ಆಸ್ಪತ್ರೆಗಳಲ್ಲಿ ಹೇಳಿಕೊಡುವುದನ್ನೇ ನಮ್ಮ ಮನೆ, ತೋಟಗಳಿಗೆ ಹೊಂದಿಸಿ ಬರೆದಿದ್ದೇನೆ.

ಒಂದು ಮನೆಯ ಅನುಭವ

ಕಳೆದ ಕುಯ್ಲಿನ ಕಾಲದಲ್ಲಿ ನನ್ನ ಕ್ಷೇತ್ರದ ರೈತರೊಬ್ಬರು ಗೊಬ್ಬರದ ವಿಚಾರ ಕೇಳಲು ಬಂದವರು ಬೇರೆಯದನ್ನೇ ಹೇಳಿದರು. “ಮನೆಯವಳು ಇನ್ನು ಆಸ್ಪತ್ರೆಗೆ ಬರಲ್ಲ ಅಂತಾಳೆ ಸಾರ್. ಹೊಸ ಔಷಧಿ ಏರಿಸಿದ ಮೂರನೇ ದಿನಕ್ಕೆ ಏಳೋಕೇ ಆಗಲಿಲ್ಲ. ಮೂಳೆಗೇ ಇಳಿದಿದೆ ಅಂತ ಎಲ್ಲ ಹೆದರಿದ್ದೇವೆ.”

ಈ ಭಯವನ್ನು ವೈದ್ಯರಿಗೆ ಹೇಳಿದ್ದೀರಾ ಎಂದು ಕೇಳಿದೆ. ಹೇಳಿರಲಿಲ್ಲ. ಮರುದಿನವೇ ಇಬ್ಬರೂ ಹೋದರು. ವೈದ್ಯರು ಪರೀಕ್ಷಿಸಿ, ಇದು ಔಷಧದಿಂದ ಬಂದ ನೋವು, ಕಾಯಿಲೆ ಹರಡಿದ್ದಲ್ಲ ಎಂದರು. ಮುಂದಿನ ಡ್ರಿಪ್ಪಿನಿಂದ ಅವರ ಮಗಳು ಮಳೆ ಪುಸ್ತಕದ ಹಿಂಬದಿಯಲ್ಲೇ ನೋವಿನ ಲೆಕ್ಕ ಬರೆದಳು: ಮೂರನೆಯ ದಿನ 8, ಐದನೆಯ ದಿನ 5, ಏಳನೆಯ ದಿನ 1. ಅದನ್ನು ನೋಡಿ ವೈದ್ಯರು ಯಾವ ಮಾತ್ರೆಯನ್ನು ಯಾವ ದಿನ ಆರಂಭಿಸಬೇಕೆಂದು ಗುರುತು ಹಾಕಿಕೊಟ್ಟರು. ಉಳಿದ ಎರಡು ಡ್ರಿಪ್ಪುಗಳನ್ನೂ ಆ ತಾಯಿ ಮುಗಿಸಿದರು. ನೋವು ಪೂರ್ತಿ ಹೋಗಲಿಲ್ಲ. ಆದರೆ ಅದು ಹೋಗುವ ದಿನ ಗೊತ್ತಿದ್ದುದರಿಂದ ತಡೆದುಕೊಂಡರು.

ನೋವು ಏಕೆ ಬರುತ್ತದೆ?

ಸ್ತನ ಕ್ಯಾನ್ಸರಿಗೆ ಕೊಡುವ ಔಷಧಗಳಲ್ಲಿ ಪ್ಯಾಕ್ಲಿಟಾಕ್ಸೆಲ್ ಒಂದು. ಇದು ಮೊದಲು ದೊರೆತದ್ದು ಅಮೆರಿಕದ ಪಶ್ಚಿಮ ಭಾಗದ ಕಾಡಿನ ‘ಯೂ’ ಎಂಬ ಮರದ ತೊಗಟೆಯಿಂದ. ವಾನಿ, ವಾಲ್ ಮತ್ತು ಸಂಗಡಿಗರು ಇದರ ರಚನೆಯನ್ನು 1971ರಲ್ಲಿ ಪ್ರಕಟಿಸಿದರು. ಈ ಔಷಧ ಏರಿಸಿದ ಒಂದರಿಂದ ಮೂರು ದಿನದೊಳಗೆ ಅನೇಕರಿಗೆ ಮಾಂಸಖಂಡ, ಕೀಲುಗಳು ನೋಯುತ್ತವೆ. ಸಾಮಾನ್ಯವಾಗಿ ವಾರದೊಳಗೆ ಇಳಿಯುತ್ತದೆ.

ಎರಡನೆಯದು, ಬಿಳಿ ರಕ್ತಕಣ ಹೆಚ್ಚಿಸಲು ಕೊಡುವ ಚುಚ್ಚುಮದ್ದು. ಆಗ ಮೂಳೆಯೊಳಗಿನ ಮಜ್ಜೆ ಚುರುಕಾಗಿ ಕೆಲಸಮಾಡುವುದರಿಂದ ಸೊಂಟ, ಬೆನ್ನು, ಎದೆಮೂಳೆ ನೋಯಬಹುದು. ಮೂರನೆಯದು, ಹೆದರಿ ದಿನವೆಲ್ಲ ಮಲಗಿರುವುದು. ಅಲುಗಾಡದ ಕೀಲು ಮತ್ತಷ್ಟು ಬಿಗಿಯುತ್ತದೆ.

ಪುಸ್ತಕ ಬರೆಯುವ ಕ್ರಮ

ಪ್ರತಿ ದಿನ ಒಂದು ಸಾಲು ಸಾಕು. ತಾರೀಖು, ಡ್ರಿಪ್ ಆಗಿ ಎಷ್ಟನೆಯ ದಿನ, ನೋವು ಎಲ್ಲಿ, ಸೊನ್ನೆಯಿಂದ ಹತ್ತರೊಳಗೆ ಎಷ್ಟು, ಜ್ವರ ಎಷ್ಟು ಡಿಗ್ರಿ, ಯಾವ ಮಾತ್ರೆ ತೆಗೆದುಕೊಂಡರು. ಶಾಲೆಗೆ ಹೋಗುವ ಮಕ್ಕಳಿಗೆ ಈ ಕೆಲಸ ವಹಿಸಬಹುದು. ಪ್ರತಿ ಸಲವೂ ಪುಸ್ತಕವನ್ನು ಆಸ್ಪತ್ರೆಗೆ ಒಯ್ಯತಕ್ಕದ್ದು. “ಚೆನ್ನಾಗಿದ್ದೇನೆ” ಎಂದು ಹೇಳಿ ಬರುವ ನಮ್ಮ ತಾಯಂದಿರ ಪರವಾಗಿ ಪುಸ್ತಕವೇ ಮಾತನಾಡುತ್ತದೆ.

ಮನೆಯಲ್ಲಿ ಮಾಡಬೇಕಾದುದು

1. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅಂಗಳದಲ್ಲೋ ಕಣದಲ್ಲೋ ಹತ್ತು ನಿಮಿಷ ನಿಧಾನವಾಗಿ ನಡೆಯಬೇಕು. ಆಗದ ದಿನ ಕುಳಿತೇ ಕೈಕಾಲು ಮಡಿಸಿ ಬಿಡಿಸಬೇಕು.

2. ಉಗುರುಬೆಚ್ಚಗಿನ ನೀರಿನ ಸ್ನಾನ ಬಿಗಿತವನ್ನು ಸಡಿಲಿಸುತ್ತದೆ. ಆದರೆ ಈ ಔಷಧದಿಂದ ಕೈಕಾಲು ಜೋಮು ಹಿಡಿದು ಬಿಸಿ ತಿಳಿಯದೆ ಹೋಗಬಹುದು. ಆದುದರಿಂದ ಹಂಡೆಯ ನೀರನ್ನು ಮನೆಯ ಇನ್ನೊಬ್ಬರು ಹದ ನೋಡಿಕೊಡತಕ್ಕದ್ದು. ಜೋಮಿನ ಸಂಗತಿಯನ್ನು ವೈದ್ಯರಿಗೂ ಹೇಳಬೇಕು.

3. ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಕೂಡದು. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಮುಂತಾದವು ಈ ಸಮಯದಲ್ಲಿ ರಕ್ತಸ್ರಾವ ತರಬಹುದು. ವೈದ್ಯರು ಪ್ಯಾರಾಸಿಟಮಾಲ್ ಬರೆದುಕೊಟ್ಟಿದ್ದರೂ ಮೊದಲು ಜ್ವರ ನೋಡಿ, ಬರೆದು, ಆಮೇಲೆ ನುಂಗಬೇಕು. ಏಕೆಂದರೆ ಆ ಮಾತ್ರೆ ಜ್ವರವನ್ನು ಮುಚ್ಚಿಬಿಡುತ್ತದೆ. ಕಷಾಯ, ನಾಟಿ ಔಷಧಗಳನ್ನು ಕೇಳದೆ ಕೊಡಕೂಡದು.

4. ಶಸ್ತ್ರಚಿಕಿತ್ಸೆಯಾದ ಬದಿಯ ಭುಜ ಬಿಗಿದಿದ್ದರೆ, ವೈದ್ಯರ ಅನುಮತಿ ಪಡೆದು, ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಮೆಲ್ಲಗೆ ಮೇಲಕ್ಕೆ ಹತ್ತಿಸಬೇಕು. ಆ ಕೈಯನ್ನು ಜೋರಾಗಿ ತಿಕ್ಕಿಸಿಕೊಳ್ಳಕೂಡದು.

ತೋಟ ಮತ್ತು ಪ್ರಯಾಣ

ನೋವು ಇಳಿದ ದಿನಗಳಲ್ಲಿ ಹಗುರ ಕೆಲಸ ಮಾಡಿದರೆ ತಪ್ಪಿಲ್ಲ. ಮೂಟೆ ಹೊರುವುದು, ಔಷಧಿ ಸಿಂಪಡಿಸುವುದು ಬೇಡ. ಜೋಮು ಹಿಡಿದ ಪಾದಕ್ಕೆ ಮುಳ್ಳು ಚುಚ್ಚಿದರೂ ತಿಳಿಯದು; ಬರಿಗಾಲಲ್ಲಿ ತೋಟಕ್ಕಿಳಿಯಕೂಡದು. ಶಸ್ತ್ರಚಿಕಿತ್ಸೆಯಾದ ಬದಿಯ ಕೈಗೆ ಗೀರು, ಗಾಯ ಆಗದಂತೆ ಕೈಗವಸು ಹಾಕಬೇಕು.

ಕಳಸದಿಂದ ಕುದುರೆಮುಖದ ಮೇಲೆ ಮಣಿಪಾಲಕ್ಕೋ, ಮೂಡಿಗೆರೆಯಿಂದ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೋ, ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಹೋಗಿಬರುವುದೆಂದರೆ ಗಂಟೆಗಟ್ಟಲೆ ಕುಳಿತಿರಬೇಕು. ಗಂಟೆಗೊಮ್ಮೆಯಾದರೂ ವಾಹನ ನಿಲ್ಲಿಸಿ ನಾಲ್ಕು ಹೆಜ್ಜೆ ನಡೆಯಿರಿ. ಬಸ್ಸಿನಲ್ಲಾದರೆ ಕುಳಿತಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸಿರಿ.

ತಡಮಾಡಕೂಡದ ಸಂದರ್ಭಗಳು

ಎಲ್ಲವನ್ನೂ “ಔಷಧಿ ನೋವು” ಎಂದು ಸಹಿಸುವುದೂ ಅಪಾಯವೇ. ಜ್ವರ 100.4 ಡಿಗ್ರಿ ಮುಟ್ಟಿದರೆ, ಅಥವಾ ಚಳಿ ನಡುಕ ಬಂದರೆ, ರಾತ್ರಿಯಾದರೂ ಆಸ್ಪತ್ರೆಗೆ ಹೋಗಲೇಬೇಕು. ಬಿಳಿ ರಕ್ತಕಣ ಕಡಿಮೆಯಾದಾಗ ಸೋಂಕು ಗಂಟೆಗಳಲ್ಲಿ ಏರುತ್ತದೆ. ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಉಸಿರುಕಟ್ಟುವುದು, ಬೆನ್ನುನೋವಿನೊಡನೆ ಕಾಲು ಸೋಲುವುದು, ಮೂತ್ರದ ಹಿಡಿತ ತಪ್ಪುವುದು ಕಂಡರೂ ಹೀಗೆಯೇ ಹೊರಡತಕ್ಕದ್ದು. ಲೆಕ್ಕದ ಪ್ರಕಾರ ಇಳಿಯದೆ ಒಂದೇ ಜಾಗದಲ್ಲಿ ನಿಂತು ದಿನೇದಿನೇ ಹೆಚ್ಚುವ ನೋವನ್ನು ಮುಂದಿನ ಸರದಿಗೆ ಕಾಯದೆ ತಿಳಿಸಬೇಕು. ಘಾಟಿಯ ದಾರಿ ದೂರ. ಆದುದರಿಂದ ಆಸ್ಪತ್ರೆಯ ದೂರವಾಣಿ ಸಂಖ್ಯೆಯನ್ನೂ, ಕರೆದ ಕೂಡಲೆ ಬರುವ ವಾಹನದವರ ಸಂಖ್ಯೆಯನ್ನೂ ಪುಸ್ತಕದ ಮೊದಲ ಪುಟದಲ್ಲೇ ಬರೆದಿಡಿ.

ಕೊನೆಯ ಮಾತು

ನೋವು ಹೆಚ್ಚೆಂದು ಮನೆಯಲ್ಲೇ ತೀರ್ಮಾನಿಸಿ ಚಿಕಿತ್ಸೆ ನಿಲ್ಲಿಸಬೇಡಿ. ಔಷಧದ ಪ್ರಮಾಣ ತಗ್ಗಿಸಲು, ದಿನ ಬದಲಿಸಲು, ಬೇರೆ ಔಷಧ ಕೊಡಲು ವೈದ್ಯರಿಗೆ ದಾರಿಗಳಿವೆ. ಅವರಿಗೆ ಬೇಕಾದುದು ನಿಮ್ಮ ಲೆಕ್ಕ. ಮನೆಯ ಗಂಡಸರಿಗೆ ಒಂದು ಮಾತು: ನೋವಿನ ಆ ನಾಲ್ಕೈದು ದಿನ ಒಲೆ, ಕೊಟ್ಟಿಗೆ, ನೀರಿನ ಕೆಲಸ ನಿಮ್ಮದಾಗಲಿ. ಮಳೆಮಾಪಕ ನೋಡಿ ಬಂದ ಮೇಲೆ, ಹಾಗೆಯೇ ಒಳಗೆ ಹೋಗಿ “ಇವತ್ತು ನೋವು ಎಷ್ಟಿದೆ?” ಎಂದು ಕೇಳಿ ಬರೆದುಕೊಳ್ಳಿರಿ.