ಕೊಂಬಿನ ಅರ್ಬುದವೂ ಸಂಶೋಧಕನ ಹಂಗೂ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಸೀಮೆಯಲ್ಲಿ ಹಳ್ಳಿಕಾರ್ ಎತ್ತಿನ ನೀಳವಾದ ಕೊಂಬನ್ನು ಮೆಚ್ಚದವರು ವಿರಳ. ಆ ಕೊಂಬಿಗೇ ಒಂದು ಶತ್ರುವುಂಟು. ಕೊಂಬಿನೊಳಗಣ ಮೂಳೆ ಪೊಳ್ಳಾಗಿದ್ದು, ಆ ಪೊಳ್ಳು ಹಣೆಯ ಗಾಳಿಗೂಡಿನೊಡನೆ ಕೂಡಿಕೊಂಡಿರುತ್ತದೆ. ಅದರ ಒಳಪೊರೆಯಲ್ಲಿ ಕೆಲವೊಮ್ಮೆ ಅರ್ಬುದ, ಎಂದರೆ ಕ್ಯಾನ್ಸರ್, ಹುಟ್ಟುತ್ತದೆ. ಎತ್ತು ತಲೆಯನ್ನು ಒಂದು ಪಕ್ಕಕ್ಕೆ ವಾಲಿಸುತ್ತದೆ, ಕೊಡಹುತ್ತದೆ, ಕೊಂಬನ್ನು ಕಂಬಕ್ಕೆ ಉಜ್ಜುತ್ತದೆ. ಆ ಕಡೆಯ ಹೊಳ್ಳೆಯಿಂದ ರಕ್ತ ಒಸರಬಹುದು. ಕಡೆಗೆ ಕೊಂಬು ಸಡಿಲಗೊಳ್ಳುತ್ತದೆ. ಹೋರಿ ಹಸುಗಳಿಗಿಂತ ಬೀಜ ಒಡೆದ ಎತ್ತುಗಳಲ್ಲಿ ಈ ರೋಗ ಹೆಚ್ಚು. ನೊಗದ ಉಜ್ಜಾಟ, ಕೊಂಬು ಹೆರೆಯುವುದು, ಬಿಸಿಲು, ಹಾರ್ಮೋನುಗಳ ವ್ಯತ್ಯಾಸ ಇವೆಲ್ಲವನ್ನೂ ವಿದ್ವಾಂಸರು ಶಂಕಿಸಿದ್ದಾರೆ. ಯಾವುದೂ ಪೂರ್ಣವಾಗಿ ಸ್ಥಿರಪಟ್ಟಿಲ್ಲ. ಕೊಂಬನ್ನು ಬುಡದಲ್ಲಿ ಕತ್ತರಿಸಿ ತೆಗೆಯುವುದೇ ಮುಖ್ಯ ಚಿಕಿತ್ಸೆ. ಆದರೂ ರೋಗ ಮರುಕಳಿಸುವುದುಂಟು. ಆದುದರಿಂದಲೇ ಔಷಧಿ, ಲಸಿಕೆಗಳ ಪ್ರಯೋಗಗಳೂ ನಡೆದಿವೆ.

ಹೊಸದೊಂದು ಚುಚ್ಚುಮದ್ದಿನಿಂದ ಹತ್ತರಲ್ಲಿ ಎಂಟು ಎತ್ತುಗಳು ಗುಣವಾದುವೆಂಬ ವರದಿ ಬಂದಿತೆಂದು ಊಹಿಸೋಣ. ಕೊರಟಗೆರೆಯ ರೈತನು ಜೋಡಿಯೆತ್ತು ಒಂಟಿಯಾಗದಿರಲೆಂದು ಸಾಲಮಾಡಿಯಾದರೂ ಅದನ್ನು ಕೊಳ್ಳುವನು. ವರದಿ ಬರೆದಾತನು ಆ ಮದ್ದನ್ನು ಮಾರುವ ಕಂಪನಿಯ ಸಂಬಳಗಾರನೆ? ಪೇಟೆಂಟಿನಲ್ಲಿ ಅವನಿಗೆ ಪಾಲುಂಟೆ? ಇಂಥ ಸಂಬಂಧಕ್ಕೆ ಹಿತಾಸಕ್ತಿಯ ಸಂಘರ್ಷವೆಂದು ಹೆಸರು. ನಮ್ಮ ಮಾತಿನಲ್ಲಿ ಹಂಗು ಎಂದರೆ ಸಾಕು.

ಹಂಗಿದ್ದ ಮಾತ್ರಕ್ಕೆ ಸಂಶೋಧಕನು ಸುಳ್ಳುಗಾರನಲ್ಲ. ಹಂಗು ಸುಳ್ಳು ನುಡಿಸುವುದು ಅಪರೂಪ; ಅದು ಆಯ್ಕೆಗಳೊಳಗೆ ನುಸುಳುತ್ತದೆ. ಯಾವ ಎತ್ತನ್ನು ಪ್ರಯೋಗಕ್ಕೆ ಸೇರಿಸಬೇಕು, ಎಷ್ಟು ತಿಂಗಳು ಕಾದು ನೋಡಬೇಕು, ಯಾವುದನ್ನು ಗುಣವೆನ್ನಬೇಕು, ಯಾವುದರೊಡನೆ ಹೋಲಿಸಬೇಕು ಎಂಬಲ್ಲೆಲ್ಲ ಮನಸ್ಸು ತನಗರಿಯದಂತೆಯೇ ಒಂದು ಕಡೆಗೆ ವಾಲೀತು. ಎತ್ತಾದರೋ ತನ್ನ ನೋವನ್ನು ಹೇಳಲಾರದು. ಅದರ ಪರವಾಗಿ ನೋಡುವ ಒಡೆಯನೂ ವೈದ್ಯನೂ ಗುಣವನ್ನೇ ಹಾರೈಸುವವರು.

ನಾಯಿಗಳ ಬಾಯಿಯಲ್ಲಿ ಬರುವ ಮೆಲನೋಮ ಎಂಬ ಅರ್ಬುದದ ಲಸಿಕೆಯ ಕಥೆಯನ್ನು ನೋಡಿ. ಅಮೆರಿಕದಲ್ಲಿ ಇದಕ್ಕೆ 2007ರಲ್ಲಿ ಷರತ್ತಿನ ಪರವಾನಗಿಯೂ 2010ರಲ್ಲಿ ಪೂರ್ಣ ಪರವಾನಗಿಯೂ ದೊರೆತುವು. 2011ರಲ್ಲಿ ಪ್ರಕಟವಾದ ಮುಖ್ಯ ಅಧ್ಯಯನದಲ್ಲಿ ಲಸಿಕೆ ತಯಾರಿಸುವ ಕಂಪನಿಯ ವಿಜ್ಞಾನಿಗಳೇ ಭಾಗಿಗಳು. ಹೋಲಿಕೆಗೆ ತೆಗೆದುಕೊಂಡದ್ದು ಹಿಂದೆ ಚಿಕಿತ್ಸೆ ಪಡೆದಿದ್ದ ನಾಯಿಗಳ ದಾಖಲೆ. ಪಾವಗಡದ ಹೊಲದಲ್ಲಿ ಹೋದ ವರ್ಷದ ಕಡಲೆಕಾಯಿ ಬೆಳೆಯೊಡನೆ ಹೋಲಿಸಿ ಈ ವರ್ಷದ ಗೊಬ್ಬರವನ್ನು ಹೊಗಳಿದರೆ, ನಡುವೆ ಬಂದ ಮಳೆಯ ಲೆಕ್ಕವೆಲ್ಲಿ? 2013ರಲ್ಲಿ ಬೇರೆ ಸಂಶೋಧಕರು ಒಂದೇ ಚಿಕಿತ್ಸಾಲಯದ ದಾಖಲೆಗಳನ್ನು ಪರೀಕ್ಷಿಸಿದಾಗ ಲಸಿಕೆ ಪಡೆದ, ಪಡೆಯದ ನಾಯಿಗಳ ಆಯುಷ್ಯದಲ್ಲಿ ಗಣನೀಯ ಅಂತರ ಕಾಣಲಿಲ್ಲ. ಆ ಗುಂಪೂ ಚಿಕ್ಕದೇ. ಅದರಿಂದಲೇ ತೀರ್ಪು ಕೊಡಲಾಗದು. ಆದರೆ ಮೊದಲನೆಯದರ ಹಂಗು ಬಯಲಲ್ಲಿದ್ದುದರಿಂದ ಓದುಗನು ಎರಡನ್ನೂ ತೂಗಿ ನೋಡಬಲ್ಲನು.

ವೈದ್ಯ ಪತ್ರಿಕೆಗಳಲ್ಲಿ ಈ ಪದ್ಧತಿ ಬಹಳ ಹಳೆಯದೇನಲ್ಲ. ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ತನ್ನ ಲೇಖಕರಿಂದ ಇಂಥ ಸಂಬಂಧಗಳ ವಿವರವನ್ನು ಕೇಳತೊಡಗಿದುದು 1984ರಲ್ಲಿ.

ಅಚ್ಚಾದ ಲೇಖನದ ಹಂಗನ್ನು ಹೀಗೆ ತಿಳಿಯಬಹುದು. ಅಚ್ಚೇ ಆಗದುದರ ಗತಿಯೇನು? 1968ರಿಂದ 1970ರವರೆಗೆ ಸಕ್ಕರೆ ಉದ್ಯಮದ ಸಂಸ್ಥೆಯೊಂದು ಇಲಿಗಳ ಮೇಲಿನ ಪ್ರಯೋಗಕ್ಕೆ ಹಣ ಕೊಟ್ಟಿತು. ಪಿಷ್ಟ ತಿಂದ ಇಲಿಗಳಿಗಿಂತ ಸಕ್ಕರೆ ತಿಂದವುಗಳಲ್ಲಿ, ಮೂತ್ರಕೋಶದ ಅರ್ಬುದದೊಡನೆ ಸಂಬಂಧವಿದೆಯೆಂದು ಆಗ ತಿಳಿದಿದ್ದ ಒಂದು ಕಿಣ್ವವು ಹೆಚ್ಚಾಗಿ ಕಂಡಿತು. ಸಕ್ಕರೆಯಿಂದ ಅರ್ಬುದ ಬರುವುದೆಂದು ಇದರಿಂದ ಸಿದ್ಧವಾಗಲಿಲ್ಲ, ನಿಜ. ಆದರೆ ಹಣ ನಿಂತಿತು, ಫಲಿತಾಂಶ ಪ್ರಕಟವಾಗಲಿಲ್ಲ. ಹಳೆಯ ಕಾಗದಪತ್ರಗಳನ್ನು ಶೋಧಿಸಿದವರಿಂದ 2017ರಲ್ಲಷ್ಟೆ ಈ ಸಂಗತಿ ಹೊರಬಿದ್ದಿತು.

ಇದಕ್ಕಾಗಿಯೇ ಪ್ರಯೋಗವನ್ನು ಆರಂಭಕ್ಕೆ ಮೊದಲೇ ನೋಂದಾಯಿಸುವ ಏರ್ಪಾಡು ಬಂದಿದೆ. ಭಾರತದಲ್ಲಿ 2009ರಿಂದ ಅದು ಕಡ್ಡಾಯ. ಆದರೆ ಆ ಕಟ್ಟಳೆ ಮನುಷ್ಯರ ಮೇಲಿನ ಔಷಧಿ ಪ್ರಯೋಗಗಳಿಗೆ ಸಂಬಂಧಿಸಿದುದು. ಶಿರಾದ ರೈತನೊಬ್ಬನ ಎತ್ತನ್ನು ಪ್ರಯೋಗಕ್ಕೆ ಕೇಳಿದಾಗ ಹಣ ಯಾರದು, ಎತ್ತು ಸತ್ತರೂ ಅದರ ಲೆಕ್ಕ ವರದಿಯಲ್ಲಿ ಬರುವುದೆ ಎಂದು ಅವನೇ ವಿಚಾರಿಸಿಕೊಳ್ಳಬೇಕಾಗಿದೆ.